ಸೊಸೆ ಹೊಸ್ತಿಲು ದಾಟಿದ ಮೇಲಿನ ಶಾಟ್

ಸಿಂದಗಿಯಲ್ಲಿ ನಮ್ಮದೊಂದು ಮದುವೆ ವಿಡಿಯೊ ಸ್ಟುಡಿಯೊ ಇದೆ. ನಮ್ಮ ಮನೆಯವರು ಕ್ಯಾಮರಾ ಹಿಡಿಯುತ್ತಾರೆ, ನಾನು ಎಡಿಟಿಂಗ್ ಮಾಡುತ್ತೇನೆ. ಮದುವೆಯಾಗಿ ಬಂದಾಗ ನನಗೆ ಕಂಪ್ಯೂಟರ್ ಚಾಲೂ ಮಾಡಲು ಬರುತ್ತಿತ್ತು, ಅಷ್ಟೆ. ಎಡಿಟಿಂಗಿಗೆ ಇದ್ದವನು ತುಂಬು ಸೀಜನ್ನಿನಲ್ಲಿ ಕೆಲಸ ಬಿಟ್ಟು ವಿಜಯಪುರಕ್ಕೆ ಹೋದ. "ನೀನೇ ಕುಂತು ನೋಡು, ಬಂದ್ರ ಬರ್ತೈತಿ" ಅಂದರು ಇವರು. ಕುಳಿತೆ. ಬಂತು.

ಮೊದಮೊದಲು ನಡೆದದ್ದನ್ನು ನಡೆದ ಹಾಗೇ ಜೋಡಿಸುತ್ತಿದ್ದೆ. ಅರಿಷಿಣ, ಸುರಗಿ, ಅಕ್ಷತೆ, ಊಟ. ನೋಡುವವರು ಆಕಳಿಸುತ್ತಿದ್ದರು. ಆಮೇಲೆ ಪಕ್ಕದ ಹಳ್ಳಿಯ ಒಂದು ಮದುವೆ ಬಂತು. ಮಂಟಪದಲ್ಲಿ ಕರೆಂಟ್ ಹೋಗಿದೆ, ನಿಂತ ಫ್ಯಾನಿನ ಕಡೆ ಮದುಮಗಳು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ್ದಾಳೆ. ಇನ್ನೊಂದು ಮೆಮೊರಿ ಕಾರ್ಡಿನಲ್ಲಿ ಮದುಮಗ ಗೆಳೆಯನ ಮಾತಿಗೆ ನಗುತ್ತಿದ್ದಾನೆ. ಇವೆರಡಕ್ಕೂ ಸಂಬಂಧವಿಲ್ಲ. ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಅವಳು ನೋಡಿದಳು, ಅವನು ನಕ್ಕ, ಅವಳು ನಾಚಿದಳು. ಅಂಗಡಿಯಲ್ಲಿ ಕುಳಿತು ನೋಡಿದ ಹಿರಿಯರೆಲ್ಲ "ನೋಡ್ರಿ, ಹೆಂಗ ನಾಚ್ಯಾಳ!" ಎಂದು ಖುಷಿಪಟ್ಟರು. ಸ್ವಲ್ಪ ದಿನದ ಮೇಲೆ ಪೆನ್‌ಡ್ರೈವ್ ಒಯ್ಯಲು ಬಂದ ಮದುಮಗಳೇ ನನಗೆ ಹೇಳಿದಳು: "ಅಕ್ಕಾ, ನಾ ಅವಾಗ ಇವರನ್ನ ಕದ್ದು ನೋಡಿದ್ದು ನಿಮಗ ಹೆಂಗ ಗೊತ್ತಾತು?"

ಪೆನ್‌ಡ್ರೈವ್ ಅವಳ ಕೈಗಿಟ್ಟೆ. ನಡೆಯದೇ ಇದ್ದದ್ದು ಅವಳಿಗೆ ಅಷ್ಟರಲ್ಲಿ ನೆನಪೇ ಆಗಿಬಿಟ್ಟಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಿಂದ ಒಬ್ಬ ಮಾಸ್ತರು ಬಂದರು. ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುವವರು. ಅವರ ತಂಗಿಯ ಮದುವೆಗೆ ಇವರು ಕ್ಯಾಮರಾ ಹಿಡಿದಿದ್ದರು, ಅದರಿಂದ ಪರಿಚಯ. ಒಂದು ಕಿರುಚಿತ್ರ ಮಾಡಬೇಕು, ಕಥೆ ತಾವೇ ಬರೆದದ್ದು, ಯಾವುದೋ ಸ್ಪರ್ಧೆಗೆ ಕಳಿಸುವುದಿದೆ ಅಂದರು. ಕಥೆ ಅಂದರೆ ಒಂದೇ ಸೀನು.

ಮಗ ಸತ್ತ ಮನೆ. ಅತ್ತೆಗೂ ಗಂಡನಿಲ್ಲ, ಸೊಸೆಗೂ ಗಂಡನಿಲ್ಲ. ಸೊಸೆಗೆ ಉಡಿಕಿ ಗೊತ್ತಾಗಿದೆ, ಅಂದರೆ ಎರಡನೆಯ ಮದುವೆ. ಕರೆದುಕೊಂಡು ಹೋಗುವವರ ಗಾಡಿ ಬಾಗಿಲಲ್ಲಿ ನಿಂತಿದೆ. ನಮ್ಮ ಕಡೆ ಗಂಡ ಸತ್ತವಳಿಗೆ ಮಡಿಲಕ್ಕಿ ಹಾಕಿ ಉಡಿ ತುಂಬುವುದಿಲ್ಲ, ಗಂಡ ಸತ್ತವಳ ಕೈಯಿಂದ ತುಂಬಿಸಿಕೊಳ್ಳುವುದೂ ಇಲ್ಲ. ಈ ಅತ್ತೆ ಮಾತ್ರ ಯಾರನ್ನೂ ಕೇಳದೆ ಅಕ್ಕಿ, ಕೊಬ್ಬರಿ, ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ತಂದು ಸೊಸೆಯ ಉಡಿ ತುಂಬಿ, "ಹೋಗು ಮಗಳ" ಅಂದು ಕಳಿಸುತ್ತಾಳೆ. ಅಲ್ಲಿಗೆ ಮುಗಿಯಿತು.

"ಚಲೋ ಐತ್ರಿ. ಅತ್ತಿ ಪಾತ್ರ ಯಾರು ಮಾಡ್ತಾರ?" ಅಂದೆ.

ಇಂಡಿಯಲ್ಲಿ ಒಬ್ಬ ಹಳೆಯ ನಟಿ ಇದ್ದಾರೆ, ಹರೆಯವನ್ನೆಲ್ಲ ನಾಟಕ ಕಂಪನಿಯಲ್ಲಿ ಕಳೆದವರು, ಅವರು ಬಂದರೆ ಆಯಿತು ಅಂದರು ಮಾಸ್ತರು. ಮರುವಾರ ಮೂವರೂ ಇಂಡಿಗೆ ಹೋದೆವು.

ಅವರ ಮನೆ ಓಣಿಯ ಕೊನೆಯಲ್ಲಿತ್ತು. ಪಡಸಾಲೆಯಲ್ಲಿ ಲಿಂಬೆಹಣ್ಣಿನ ರಾಶಿ ಹಾಕಿಕೊಂಡು, ಒಡೆದವನ್ನು ಬೇರೆ ಮಾಡುತ್ತ ಕುಳಿತಿದ್ದರು. ಎತ್ತರದ ಆಳು, ನೆಟ್ಟಗಿನ ಬೆನ್ನು. "ಬರ್ರಿ, ಕುಂದರ್ರಿ" ಅಂದದ್ದು ಓಣಿಯ ಆ ತುದಿಗೂ ಕೇಳಿಸಿರಬೇಕು. ನಾನು ಅವರನ್ನು ಅವ್ವಾರ ಅಂತ ಕರೆದೆ, ಕೊನೆಯವರೆಗೂ ಅದೇ ಉಳಿಯಿತು. ಶರಬತ್ತು ಮಾಡಿಕೊಟ್ಟರು. ಕೊಟ್ಟು, "ಮಾತು ಎಷ್ಟು ಅದಾವು?" ಎಂದು ಮೊದಲು ಕೇಳಿದರು. ಮಾಸ್ತರು ಪುಟ ತಿರುವಿ ತೋರಿಸಿದರು. ಅತ್ತೆಗೆ ಒಂದು ದೊಡ್ಡ ಮಾತಿತ್ತು, ಹೆಚ್ಚು ಕಡಿಮೆ ಪುಟ ತುಂಬುವಷ್ಟು. ಅದನ್ನು ನೋಡಿ ಅವರ ಮುಖ ಅರಳಿತು. ಆಮೇಲೆ ಮಾಸ್ತರು ಕಥೆ ಹೇಳಿದರು. ಹೇಳುತ್ತ ಹೋದಂತೆ ಅವ್ವಾರ ಕೈ ಲಿಂಬೆಹಣ್ಣಿನ ಮೇಲೆ ನಿಂತಿತು.

"ಈ ಕಥಿ ನಿಮಗ ಯಾರು ಹೇಳಿದ್ರು?"

"ನಾನೇ ಬರದೇನ್ರಿ."

"ಯಾರೂ ಹೇಳಿಲ್ಲ?"

"ಇಲ್ರಿ. ಯಾಕ್ರಿ?"

"ಏನಿಲ್ಲ. ಬರ್ತೇನಿ, ನಡೀರಿ" ಅಂದರು. ನಾವು ಅದಕ್ಕೆ ಬೇರೆ ಅರ್ಥ ಹುಡುಕಲಿಲ್ಲ.

ಶೂಟಿಂಗ್ ನಡೆದದ್ದು ಮುಳವಾಡದ ಹತ್ತಿರದ ಒಂದು ಹಳ್ಳಿಯಲ್ಲಿ, ಮಾಸ್ತರ ಬಂಧುಗಳ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ. ದಪ್ಪ ಗೋಡೆ, ಒಳಗೆ ತಂಪು. ಮಾಳಿಗೆಯ ನಡುವಿನ ಬೆಳಕಿಂಡಿಯಿಂದ ಹಗಲೆಲ್ಲ ಒಂದು ಬೆಳಕಿನ ಕೋಲು ನೆಲದ ಮೇಲೆ ಸರಿಯುತ್ತಿತ್ತು. ಇವರು ಆ ಬೆಳಕು ನೋಡಿಯೇ "ಲೈಟ್ ಬ್ಯಾಡ, ಇದರಾಗ ಮುಗಸೂಣು" ಅಂದರು. ಸೊಸೆಯ ಪಾತ್ರಕ್ಕೆ ಮಾಸ್ತರ ಹಳೆಯ ವಿದ್ಯಾರ್ಥಿನಿ ಒಬ್ಬಳು ಬಂದಿದ್ದಳು, ನರ್ಸಿಂಗ್ ಓದುವ ಹುಡುಗಿ. ಹೆಚ್ಚು ಮಾತಿನವಳಲ್ಲ.

ಅವ್ವಾರು ಸೀರೆ ಉಟ್ಟು ಬಂದು ನಿಂತವರು ಸುತ್ತ ನೋಡಿದರು.

"ಮಂದಿ ಎಲ್ಲಿ ಕುಂದರತಾರ?"

ಇವರು ಕ್ಯಾಮರಾದ ಗಾಜು ತೋರಿಸಿದರು. "ಇಷ್ಟೇ ನೋಡ್ರಿ ಮಂದಿ."

"ಇದು ಎಷ್ಟು ದೂರದಾಗ ಇರ್ತೈತಿ?"

"ಇಲ್ಲೇ, ನಿಮ್ಮ ಮಾರಿ ಮುಂದ."

ಅವರಿಗೆ ಅದು ಸರಿ ಕಾಣಲಿಲ್ಲ. ಹಿಂದಿನ ಸಾಲಿಗೆ ಮುಟ್ಟುವ ಹಾಗೆ ಮಾತಾಡಿ, ಹಿಂದಿನ ಸಾಲಿಗೆ ಕಾಣುವ ಹಾಗೆ ಅತ್ತು ಬಂದವರು. ಪುಟದಷ್ಟಿದ್ದ ಮಾತನ್ನು ಒಂದು ಅಕ್ಷರ ತಪ್ಪದೆ ಒಂದೇ ಉಸಿರಿಗೆ ಹೇಳಿದರು. ಗೂಟಕ್ಕೆ ಹಾಕಿದ್ದ ಲಾಟೀನು ಅಲುಗಿತು ಅಂತ ಇವರು ಈಗಲೂ ತಮಾಷೆ ಮಾಡುತ್ತಾರೆ. ಹೊರಗೆ ನಿಂತಿದ್ದ ಊರವರು ಚಪ್ಪಾಳೆ ಹೊಡೆದರು. ಅವ್ವಾರು ಅತ್ತ ತಿರುಗಿ ಕೈ ಮುಗಿದರು. ಮಾಸ್ತರು ಮಾತ್ರ ತಲೆ ಮೇಲೆ ಕೈ ಇಟ್ಟುಕೊಂಡು ಕುಳಿತರು. "ಅವ್ವಾರ, ಸ್ವಲ್ಪ ಸಣ್ಣಗ... ಕಿವಿಯಾಗ ಹೇಳಿದಂಗ" ಅಂದರು. ಅವ್ವಾರು ಧ್ವನಿ ಇಳಿಸಿದರು. ಮುಖ ಇಳಿಯಲಿಲ್ಲ. ಹುಬ್ಬು, ಕಣ್ಣು, ತುಟಿ ಎಲ್ಲ ಮೊದಲಿನ ಹಾಗೇ ದೊಡ್ಡದಾಗಿ ಕೆಲಸ ಮಾಡುತ್ತಿದ್ದವು.

ಇವರು ಕ್ಯಾಮರಾದ ಜಾಗ ಬದಲಿಸುತ್ತ ಹೋದರು. ಮೊದಲು ನೆಲದ ಮೇಲೆ, ಕುಳಿತ ಸೊಸೆಯ ಮಗ್ಗುಲಿಗೆ ಇಟ್ಟರು. ಅಲ್ಲಿಂದ ನೋಡಿದರೆ ನಿಂತ ಅತ್ತೆಯ ತಲೆ ತೊಲೆಗೆ ಬಡಿಯುವ ಹಾಗಿತ್ತು. "ಹೋಗು ಮಗಳ" ಅನ್ನುವ ಮಾತು ಅಲ್ಲಿಂದ ಹೊರಗೆ ನೂಕಿದ ಹಾಗೆ ಕೇಳಿತು. ಆಮೇಲೆ ನಿಚ್ಚಣಿಕೆ ಹಾಕಿಕೊಂಡು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಕೆಳಗೆ ನೋಡಿದರು. ಮೇಲಿನಿಂದ ಇಬ್ಬರೂ ಒಂದೇ ಅಳತೆಯವರು, ಎರಡು ತಲೆ, ನಡುವೆ ಒಂದು ಅಕ್ಕಿಯ ತಾಟು. ಯಾರು ಅತ್ತೆ ಯಾರು ಸೊಸೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಉಡಿ ತುಂಬಲು ಅತ್ತೆಯೂ ಕುಳಿತಾಗ, ಕುಳಿತವರ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಇಳಿಸಿ ಒಮ್ಮೆ ಅತ್ತೆಯ ಹೆಗಲ ಮೇಲಿಂದ ಸೊಸೆಯನ್ನು, ಒಮ್ಮೆ ಸೊಸೆಯ ಹೆಗಲ ಮೇಲಿಂದ ಅತ್ತೆಯನ್ನು ಹಿಡಿದರು. ಮಾತು ಅವೇ, ಆಳು ಅವರೇ. ನಾನು ಸಣ್ಣ ಪರದೆಯಲ್ಲಿ ನೋಡುತ್ತ ಕುಳಿತಿದ್ದೆ. ಕ್ಯಾಮರಾ ಎದ್ದು ಕುಳಿತಂತೆಲ್ಲ ಆ ಇಬ್ಬರ ಸಂಬಂಧವೇ ಬದಲಾಗುತ್ತಿತ್ತು.

ಅವತ್ತು ಇನ್ನೆರಡು ತುಣುಕು ರೆಕಾರ್ಡ್ ಆದವು. ಅವು ಕಥೆಯಲ್ಲಿ ಬರೆದವಲ್ಲ. ಒಂದು, ಎರಡು ಟೇಕುಗಳ ನಡುವಿನ ಬಿಡುವಿನದು. ಕ್ಯಾಮರಾ ಬಂದ್ ಆಗಿರಲಿಲ್ಲ. ಅವ್ವಾರು ಬಾಗಿಲ ಕಡೆ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡು, ಹಗುರಾಗಿ ಒಂದು ಉಸಿರು ಬಿಟ್ಟರು. ಚಹಾ ಬರುವುದು ಕಾಣಿಸಿತ್ತು, ಅದಕ್ಕೆ.

ಇನ್ನೊಂದು, ಕೊನೆಯ ಟೇಕಿನದು. ಸೊಸೆ ಉಡಿ ಹಿಡಿದುಕೊಂಡು ಎದ್ದು ಹೊರಗೆ ಹೋಗುವಾಗ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಮಾಸ್ತರು ಹೊರಗೆ ಗಾಡಿಯವನಿಗೆ ಹಾರ್ನ್ ಹೊಡಿ ಅಂತ ಸನ್ನೆ ಮಾಡುವ ಗಡಿಬಿಡಿಯಲ್ಲಿ ಕಟ್ ಅನ್ನಲು ಮರೆತರು. ಇವರು ಕ್ಯಾಮರಾ ನಿಲ್ಲಿಸಲಿಲ್ಲ. ಅವ್ವಾರು ನಮ್ಮ ಕಡೆ ಬೆನ್ನು ಮಾಡಿ ಕುಳಿತು, ಚೆಲ್ಲಿದ ಕಾಳನ್ನು ಅಂಗೈಯಿಂದ ಬಳಿದು ಒಟ್ಟು ಮಾಡಿದರು. ಮುಷ್ಟಿಯಲ್ಲಿ ತುಂಬಿಕೊಂಡು ತಾಟಿನ ಕಡೆ ನೋಡಿದರು, ಹಾಕಲಿಲ್ಲ. ಒಲೆಯ ಕಡೆ ನೋಡಿದರು. ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ ಮುಷ್ಟಿ ಬಿಗಿ ಹಿಡಿದು ಹಾಗೇ ಕುಳಿತರು. ಹೊರಗಿನಿಂದ ಮಾಸ್ತರು "ಕಟ್ ಕಟ್" ಎಂದು ಕೂಗಿದ ಮೇಲೆ ಎದ್ದರು.

ಎಡಿಟಿಂಗಿಗೆ ಮಾಸ್ತರು ಸಿಂದಗಿಗೆ ಬಂದರು. ಮೊದಲು ಬರೆದ ಹಾಗೇ ಜೋಡಿಸಿದೆವು. ಅತ್ತೆಯ ಇಡೀ ಮಾತು ಎದುರಿನಿಂದ, ಆಮೇಲೆ ಉಡಿ, ಆಮೇಲೆ ಸೊಸೆ ಹೊರಟಳು. ನಾಟಕವನ್ನು ಮೊಬೈಲಿನಲ್ಲಿ ಹಿಡಿದಂತಿತ್ತು. ಅತ್ತೆ ದೇವತೆಯ ಹಾಗೆ ಕಾಣುತ್ತಿದ್ದಳು, ನೋಡಿದವರಿಗೆ ಅವಳ ಬಗ್ಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

"ಸಪ್ಪಗೈತಿ" ಅಂದರು ಮಾಸ್ತರು. "ಆಕಿ ಖರೇನ ಒಳ್ಳೇಕೇನು, ಇಲ್ಲಾ ಸೊಸಿ ಹೋದ್ರ ಸಾಕಾಗಿತ್ತೇನು, ನೋಡಾವ್ರಿಗೆ ಸಂಶೆ ಬರಬೇಕು."

ಅವರು ಹೇಳಿದಂತೆ ಮತ್ತೆ ಜೋಡಿಸಿದೆ. ಮಾತಿಗೆ ನೆಲದ ಮೇಲಿನ ಶಾಟ್, ತೊಲೆಗೆ ತಾಗುವ ಅತ್ತೆ. ಅಲ್ಲಿಂದ ಕಟ್ ಮಾಡಿ ತಲೆ ತಗ್ಗಿಸಿದ ಸೊಸೆಯ ಮುಖ, ಹತ್ತಿರದಿಂದ. ಮತ್ತೆ ಅತ್ತೆ. ಮತ್ತೆ ಸೊಸೆ, ಈ ಸಲ ಅವಳ ಬೆರಳು ಮಾತ್ರ. ಗಾಡಿಯ ಹಾರ್ನ್. ಸೊಸೆ ಬಾಗಿಲು ದಾಟಿದಳು. ಕೊನೆಗೆ, ಚಹಾ ನೋಡಿ ಬಿಟ್ಟ ಆ ಉಸಿರು. ಪರದೆ ಕಪ್ಪಾಯಿತು.

ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ನೋಡ್ರಿ ಸಿನೆಮಾ ಅಂದ್ರ!"

ನನಗೂ ಹಾಗೇ ಅನಿಸಿತು. ಉಸಿರು ಒಂದು ಕ್ಷಣದ್ದು, ಅದು ಹಿಂದಿನ ಇಡೀ ಸೀನಿನ ಬಣ್ಣ ಬದಲಿಸಿಬಿಟ್ಟಿತ್ತು. ಅಕ್ಕಿ ಹಾಕುವ ಕೈಯೂ ಅವಸರದ ಕೈಯ ಹಾಗೆ ಕಾಣತೊಡಗಿತ್ತು. ಕೈಯ ಶಾಟನ್ನು ನಾನು ಮುಟ್ಟಿರಲೂ ಇಲ್ಲ.

ಮುಗಿದ ಮೇಲೆ ತೋರಿಸಬೇಕು ಎಂದು ಅವ್ವಾರು ಮೊದಲೇ ಹೇಳಿದ್ದರು. ಇಂಡಿಯಿಂದ ಬಸ್ಸಿಗೆ ಬಂದರು, ಕೈಯಲ್ಲಿ ಲಿಂಬೆಹಣ್ಣಿನ ಚೀಲ. ಅಂಗಡಿಯ ಒಳಗಿನ ಕೋಣೆಯಲ್ಲಿ ಫ್ಯಾನ್ ಹಚ್ಚಿ ಕೂಡಿಸಿದೆವು. ನಾನು, ಇವರು, ಮಾಸ್ತರು ಹಿಂದೆ ನಿಂತೆವು. ಚಿತ್ರ ಮುಗಿಯಿತು. ಅವರು ತಿರುಗಲಿಲ್ಲ.

"ಕಡೀಕ ನಾ ಉಸುರು ಬಿಟ್ಟೆನಲಾ, ಅದು ಯಾವಾಗಿಂದು?"

ನಾನೇ ಹೇಳಿದೆ. "ಚಾ ಬಂದಾಗಿಂದ್ರಿ."

"ಅದನ್ಯಾಕ ಇಲ್ಲಿ ಹಚ್ಚೀರಿ?"

ಮಾಸ್ತರು ವಿವರಿಸಿದರು. ಮನುಷ್ಯನ ಮನಸ್ಸಿನಲ್ಲಿ ಎರಡೂ ಇರುತ್ತವೆ, ಪ್ರೀತಿಯೂ ಇರುತ್ತದೆ, ಬಿಡುಗಡೆಯೂ ಇರುತ್ತದೆ, ಅದನ್ನು ತೋರಿಸುವುದೇ ಕಲೆ. ಚೆನ್ನಾಗಿಯೇ ಹೇಳಿದರು. ಅವ್ವಾರು ಪೂರಾ ಕೇಳಿಸಿಕೊಂಡರು. ಆಮೇಲೆ, ನಮ್ಮ ಮೂವರಿಗೂ ಗೊತ್ತಿಲ್ಲದ ವಿಷಯ ಹೇಳಿದರು.

ಅವರಿಗೆ ಒಬ್ಬನೇ ಮಗನಿದ್ದ. ಲಾರಿ ಓಡಿಸುತ್ತಿದ್ದ. ಸೊಲ್ಲಾಪುರದ ರಸ್ತೆಯಲ್ಲಿ ತೀರಿಹೋದ. ಸೊಸೆ ಇನ್ನೂ ಸಣ್ಣವಳು, ಮಕ್ಕಳಿರಲಿಲ್ಲ. ತವರಿಗೆ ಹೋಗಲು ತವರಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಸೊಸೆ ಇಬ್ಬರೇ ಆ ಓಣಿಯ ಮನೆಯಲ್ಲಿ ಕೆಲವು ಕಾಲ ಇದ್ದರು. ಅವ್ವಾರೇ ಕಂಪನಿಯ ಹಳೆಯ ಪರಿಚಯದವರ ಕೈಲಿ ಹೇಳಿಸಿ ಮುದ್ದೇಬಿಹಾಳದ ಕಡೆ ಒಂದು ಮನೆ ಹುಡುಕಿದರು, ಹುಡುಗನನ್ನು ತಾವೇ ಹೋಗಿ ನೋಡಿದರು, ತಾವೇ ಉಡಿ ತುಂಬಿ ಕಳಿಸಿದರು.

"ಓಣಿ ಮಂದಿ ಏನಂದ್ರು ಗೊತ್ತೈತೇನು? ನಾಟಕದಾಕಿ, ಸೊಸೀನ್ನ ಹೊರಗ ಹಾಕಿ ಕೈ ತೊಳಕೊಂಡ್ಲು ಅಂದ್ರು. ಗಾಡಿ ಹ್ವಾದಮ್ಯಾಲ ನಾ ಬಾಗಲಾ ಹಾಕ್ಕೊಂಡೆ. ಬಾಗಲಾ ಹಾಕಿದ್ದಷ್ಟ ಅವರಿಗೆ ಕಂಡಿತ್ತು. ಈಗ ನೀವೂ ಅದನ್ನ ಹೇಳೀರಿ."

ಮಾಸ್ತರ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ಅವ್ವಾರ, ನನಗ ಇದು ಗೊತ್ತಿರ್ಲಿಲ್ರಿ. ಆದ್ರ ಇದು ನಿಮ್ಮ ಬದುಕಲ್ಲ, ಕಥಿ. ಆಕಿ ಬ್ಯಾರೆ ಹೆಣ್ಮಗಳು."

"ಮಾತು ನಿಮ್ಮವು, ಕಥಿ ನಿಮ್ಮದು. ಮಾರಿ ನಂದಲ್ಲೇನ್ರಿ?"

ಸಿಟ್ಟಿನಲ್ಲಿ ಅಂದದ್ದಲ್ಲ. ಕೇಳಿದ್ದಷ್ಟೆ. ನನಗೆ ಆಗ ಅನಿಸಿದ್ದನ್ನು ಇಲ್ಲೇ ಹೇಳುತ್ತೇನೆ. ದಿನವೂ ನಾನು ಬೇರೆಯವರ ಮುಖವನ್ನು ಇಲ್ಲಿಂದ ಎತ್ತಿ ಅಲ್ಲಿ ಇಡುವವಳು. ಆ ಮುಖದವರು ಪಕ್ಕದಲ್ಲೇ ಕುಳಿತು ಯಾಕೆ ಅಂತ ಕೇಳಿದ್ದು ಅದೇ ಮೊದಲು.

ತೆಗೆದುಹಾಕಿ ಎಂದು ಅವರು ಹಟ ಮಾಡಲಿಲ್ಲ. "ಉಳಿದದ್ದೆಲ್ಲ ತೋರಸು ನನಗ" ಎಂದು ನನಗೆ ಹೇಳಿದರು. ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತರು. ನಾನು ಒಂದೊಂದೇ ಟೇಕ್ ಹಾಕಿದೆ. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ, ರೊಟ್ಟಿ ಅಲ್ಲೇ ತರಿಸಿಕೊಟ್ಟೆ. ತಮ್ಮನ್ನು ತಾವು ಅವರು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಕಂಪನಿಯಲ್ಲಿ ಅವರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ಕನ್ನಡಿಯಲ್ಲಿ ನೋಡಿಕೊಂಡದ್ದು, ಅಷ್ಟೆ. ಮಾತಾಡುವಾಗಿನ ಮುಖ ಇದೇ ಮೊದಲು.

ದೊಡ್ಡ ಮಾತಿನ ಟೇಕ್ ಬಂದಾಗ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. "ಅಯ್ಯ, ಎಷ್ಟು ಹುಬ್ಬ ಹಾರಸ್ತಾಳ ಇಕಿ! ಯಾಕ್ರಿ ಮಾಸ್ತರ, ಆವಾಗ ಹೇಳಬಾರದಾಗಿತ್ತೇನು?"

"ಹೇಳಿದ್ನಲ್ರಿ" ಅಂದರು ಮಾಸ್ತರು. ಎಲ್ಲರೂ ನಕ್ಕೆವು. ಕೋಣೆಯ ಬಿಗಿ ಸ್ವಲ್ಪ ಸಡಿಲಾಯಿತು.

ಸೊಸೆಯ ಮುಖ ಹತ್ತಿರದಿಂದ ಹಿಡಿದ ಟೇಕ್ ಹಾಕಿದೆ. ಅದರಲ್ಲಿ ಅವ್ವಾರು ಕಾಣುವುದಿಲ್ಲ, ಕ್ಯಾಮರಾದ ಹಿಂದಿನಿಂದ ಅವರ ಮಾತು ಮಾತ್ರ ಕೇಳುತ್ತದೆ. ಆ ನರ್ಸಿಂಗ್ ಹುಡುಗಿ ಏನೂ ಮಾಡುತ್ತಿರಲಿಲ್ಲ. ಕೇಳುತ್ತಿದ್ದಳು, ಅಷ್ಟೆ. ಅವ್ವಾರು ಮುಂದೆ ಬಾಗಿದರು.

"ಇಲ್ಲಿ ನನ್ನ ಮಾತು ಚಲೋ ಕೇಳಸ್ತಾವು."

"ಅವೇ ಮಾತ್ರಿ. ಮಾರಿ ಆಕಿದೈತಿ, ಅದಕ."

"ಹಂಗಾರ ನನ್ನ ಮಾರಿ ತಗಿ. ಮಾತು ಇಕಿ ಮ್ಯಾಲ ಬೀಳ್ಲಿ."

ಎಡಿಟಿಂಗ್ ಮಾಡುವವರಿಗೆ ಇದನ್ನು ಕಲಿಯಲು ವರ್ಷಗಳೇ ಹಿಡಿಯುತ್ತವೆ. ಅವ್ವಾರು ರಂಗದ ಮೇಲೆ ಇದನ್ನು ಬೇರೆ ರೀತಿ ಬಲ್ಲವರೇ ಆಗಿದ್ದರಂತೆ. ಎದುರಿನವನ ದೊಡ್ಡ ಮಾತಿಗೆ ಸುಮ್ಮನೆ ನಿಲ್ಲಬೇಕಾದಾಗ ಪ್ರೇಕ್ಷಕರು ತಮ್ಮನ್ನೇ ನೋಡುತ್ತಿದ್ದರು, ಅದಕ್ಕೆ ಹೀರೊ ಪಾತ್ರದವರಿಗೆ ತಮ್ಮ ಮೇಲೆ ಸಿಟ್ಟಿತ್ತು ಎಂದು ಹೇಳಿ ನಗಾಡಿದರು.

ಕೊನೆಗೆ ಕಾಳು ಬಳಿಯುವ ಟೇಕ್ ಬಂತು. ಅದು ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಪರದೆಯಲ್ಲಿ ಬೆನ್ನು, ಬಾಗಿದ ತಲೆ, ಬೆಳಕಿಂಡಿಯ ಬೆಳಕಿನಲ್ಲಿ ನೆಲ ಸವರುವ ಕೈ. ಮುಷ್ಟಿ ಮುಚ್ಚಿತು. ಅವರು ತಮ್ಮ ಬಲಗೈ ನೋಡಿಕೊಂಡರು.

"ಕ್ಯಾಮರಾ ಇತ್ತೇನು ಆವಾಗ?"

"ಇತ್ರಿ."

"ಮಾಸ್ತರ ಬರದಿದ್ರೇನು ಇದನ್ನ?"

"ಇಲ್ರಿ. ನೀವ ಮಾಡಿದ್ದು."

ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಅವತ್ತು ಬಾಗಲಾ ಹಾಕ್ಕೊಂಡು ಒಳಗ ಏನ್ ಮಾಡಿದ್ನೋ ನನಗ ನೆನಪಿಲ್ಲ ಯವ್ವಾ. ಭಾಳ ಸಲ ನೆನಸೇನಿ. ಬಾಗಲಾ ಹಾಕಿದ್ದು ನೆನಪೈತಿ, ಸಂಜಿಗೆ ದೀಪ ಹಚ್ಚಿದ್ದು ನೆನಪೈತಿ. ನಡಕಿಂದು ಇಲ್ಲ. ಹಿಂಗೇ ಮಾಡಿರಬೇಕು."

ನಾನು ಅವತ್ತೇ ಇನ್ನೊಂದು ಜೋಡಣೆ ಮಾಡಿದೆ. ನೆಲದ ಮೇಲಿನ ಶಾಟ್ ತೆಗೆದೆ. ಉಸಿರು ತೆಗೆದೆ. ಅತ್ತೆಯ ದೊಡ್ಡ ಮಾತಿನಲ್ಲಿ ಮುಕ್ಕಾಲು ಪಾಲು ಹೋಯಿತು, ಉಳಿದದ್ದು ಸೊಸೆಯ ಮುಖದ ಮೇಲೆ ಬಂತು. ಉಡಿ ತುಂಬುವುದು ಪೂರಾ ಕುಳಿತವರ ಮಟ್ಟದಿಂದ. ಸೊಸೆ ಹೊಸ್ತಿಲು ದಾಟಿದ ಮೇಲೆ ಹೊರಗಿನ ಗಾಡಿ ತೋರಿಸಲಿಲ್ಲ, ಸದ್ದು ಮಾತ್ರ ದೂರವಾಗುತ್ತದೆ. ಕ್ಯಾಮರಾ ಒಳಗೇ ಇರುತ್ತದೆ, ಕಾಳು ಬಳಿಯುವ ಬೆನ್ನಿನ ಜೊತೆ. ಎಲ್ಲಿ ಕಟ್ ಮಾಡಬೇಕು ಎಂಬುದೇ ಕಷ್ಟವಾಯಿತು. ಬೇಗ ಕಟ್ ಮಾಡಿದರೆ ಅವಳು ನೆಲ ಸ್ವಚ್ಛ ಮಾಡುತ್ತಿರುವ ಹಾಗೆ ಕಾಣುತ್ತಿತ್ತು. ತಡವಾದರೆ ನೋಡುವವರಿಗೆ ಅಳು ಬರಿಸಲೆಂದೇ ಕುಳಿತ ಹಾಗಿತ್ತು. ಮುಷ್ಟಿ ಮುಚ್ಚಿ, ತಲೆ ಒಲೆಯ ಕಡೆ ತಿರುಗಿ, ಮತ್ತೆ ಮರಳಿದಲ್ಲಿಗೆ ನಿಲ್ಲಿಸಿದೆ.

ಮಾಸ್ತರಿಗೆ ಸಮಾಧಾನವಾಗಲಿಲ್ಲ. "ನೀವಿಬ್ರೂ ಕೂಡಿ ನನ್ನ ಕಥೀನ ಬ್ಯಾರೆ ಮಾಡೀರಿ" ಅಂದರು. ಅದು ನಿಜವೇ ಆಗಿತ್ತು. ನೋಡುವವರಿಗೆ ಬರಬೇಕು ಅಂದಿದ್ದ ಆ ಸಂಶಯ ಇದರಲ್ಲಿ ಉಳಿದಿರಲಿಲ್ಲ. ಮುಖ ಬಿಗಿದುಕೊಂಡು ಉಸಿರಿನ ಜೋಡಣೆ, ಈಗಿನದು ಎರಡನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಾಗೇವಾಡಿಗೆ ಹೋದರು. ಅವ್ವಾರು ಬಸ್ಸು ಹತ್ತುವಾಗ ನನಗೆ, "ಅವರಿಗೆ ತ್ರಾಸ ಕೊಡಬ್ಯಾಡ. ಹಂಗ ಇಡ್ತೇನಂದ್ರ ಇಡ್ಲಿ. ನನ್ನ ಹೆಸರು ಹಾಕಬ್ಯಾಡ್ರಿ, ಅಷ್ಟ" ಅಂದರು.

ಕೆಲವು ದಿನ ಮಾಸ್ತರ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಫೋನ್ ಬಂತು. ಎರಡನ್ನೂ ಮನೆಯಲ್ಲಿ ಹೆಂಡತಿಗೂ ಅಕ್ಕಪಕ್ಕದ ಹೆಂಗಸರಿಗೂ ತೋರಿಸಿದ್ದರಂತೆ. ಮೊದಲನೆಯದನ್ನು ನೋಡಿ ಎಲ್ಲರೂ ಅತ್ತೆಯನ್ನು ಬೈದರು. ಮಾಸ್ತರಿಗೆ ಬೇಕಾಗಿದ್ದ ಸಂಶಯ ಯಾರಿಗೂ ಬರಲಿಲ್ಲ. ಉಸಿರು ಕಂಡ ಕೂಡಲೇ ಎಲ್ಲರೂ ತೀರ್ಪು ಕೊಟ್ಟು ಎದ್ದರು. ಎರಡನೆಯದನ್ನು ನೋಡಿ ಯಾರೂ ಏಳಲಿಲ್ಲ. ಪಕ್ಕದ ಮನೆಯಾಕೆ, "ಸರ್, ಆ ಮುದುಕಿ ಇನ್ನ ಮುಂದ ಒಬ್ಬಾಕೀನ ಇರ್ತಾಳೇನ್ರಿ?" ಎಂದು ಕೇಳಿದಳಂತೆ.

"ನನಗ ಉತ್ತರ ಗೊತ್ತಿರ್ಲಿಲ್ರಿ" ಅಂದರು ಮಾಸ್ತರು ಫೋನಿನಲ್ಲಿ. "ಎರಡನೇದು ಇಡೂಣು. ಅವ್ವಾರ ಹೆಸರು ಮೊದಲು ಹಾಕ್ರಿ."

ಸ್ಪರ್ಧೆಗೆ ಕಳಿಸುವ ಮೊದಲು ಒಂದು ಕಡೆ ತೋರಿಸಬೇಕೆಂದು ಅವ್ವಾರು ಕೇಳಿಕೊಂಡರು. ಮುದ್ದೇಬಿಹಾಳದಲ್ಲಿ. ಯಾಕೆ ಅಂತ ನಾವು ಕೇಳಲಿಲ್ಲ. ಮಾಸ್ತರ ಗೆಳೆಯರೊಬ್ಬರು ಅಲ್ಲಿನ ಒಂದು ಶಾಲೆಯಲ್ಲಿದ್ದರು. ಭಾನುವಾರ ಹಗಲು ಹೊತ್ತು, ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿ, ಗೋಡೆಯ ಮೇಲೆ ತೋರಿಸಿದೆವು. ಊರಿನ ಕೆಲವರು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಒಂದು ಸಂಸಾರ ಕುಳಿತಿತ್ತು. ಕಾಲುವೆಯ ಮೇಲೆ ಕೆಲಸ ಮಾಡುವ ಗಂಡ, ಹೆಂಡತಿ, ಸಣ್ಣ ಮಗಳು, ಗಂಡನ ತಾಯಿ. ಅವ್ವಾರು ಅವರ ಹತ್ತಿರ ಹೋಗಿ ಕೂರಲಿಲ್ಲ. ನನ್ನ ಪಕ್ಕ ಮುಂದೆ ಕುಳಿತರು, ಚಿತ್ರ ನಡೆಯುವಷ್ಟು ಹೊತ್ತೂ ತಿರುಗಲಿಲ್ಲ.

ದೀಪ ಹಾಕಿದ ಮೇಲೆ ಆ ಹೆಂಗಸು ಎದ್ದು ಮುಂದೆ ಬಂದಳು. ನೇರ ಅವ್ವಾರ ಹತ್ತಿರವೇ ಬಂದದ್ದು ನೋಡಿ ನನಗೆ ಯಾರೆಂದು ತಿಳಿಯಿತು.

"ಅತ್ತೀ" ಅಂದಳು. "ಅವತ್ತು ನೀವು ಇಷ್ಟು ಮಾತಾಡಿರ್ಲಿಲ್ಲ."

"ಹೌದಲಾ. ಇವು ಮಾಸ್ತರ ಮಾತು. ಭಾಳ ಇದ್ದೂ, ತಗಸೇನಿ."

"ಗಾಡಿಯಾಗ ಕುಂತು ನಾ ತಿರುಗಿ ನೋಡಿದ್ದೆ. ನೀವು ಬಾಗಲಾ ಹಾಕ್ಕೊಂಡಿದ್ರಿ. ನನ್ನ ಮ್ಯಾಲ ಸಿಟ್ಟಾಗೀರಿ ಅಂತ ತಿಳಕೊಂಡಿದ್ದೆ. ಅದಕ ಒಂದ್ ವರ್ಷ ಫೋನ್ ಮಾಡಿರ್ಲಿಲ್ಲ. ಒಳಗ ಏನ್ ಮಾಡಿದ್ರಿ ಅಂತ ನನಗೆಂಗ ಗೊತ್ತಾಗಬೇಕು?"

"ನನಗೂ ಗೊತ್ತಿಲ್ಲ" ಅಂದರು ಅವ್ವಾರು. ನನ್ನ ಕಡೆ ಕೈ ಮಾಡಿದರು. "ಇಕಿ ತೋರಿಸಿದ್ಲು."

ಗೋಡೆಯ ಮೇಲೆ ಕಂಡದ್ದು ಮುಳವಾಡದ ಕಡೆಯ ಮನೆ, ಇಂಡಿಯ ಮನೆಯಲ್ಲ. ಅಕ್ಕಿ ಮಾಸ್ತರ ಬಂಧುಗಳದ್ದು, ಹೊರಗೆ ಹೋದವಳು ನರ್ಸಿಂಗ್ ಹುಡುಗಿ. ಅದನ್ನು ಅವರಿಬ್ಬರಿಗೆ ಹೇಳುವ ಅಗತ್ಯವಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಅವಳು ಅತ್ತೆಯ ಕೈ ಹಿಡಿದುಕೊಂಡು ನಿಂತಳು. ಆಮೇಲೆ ಅವಳ ಈಗಿನ ಅತ್ತೆ ಮುಂದೆ ಬಂದು, "ಬರ್ರಿ ಬೀಗ್ತಿ, ಮನಿಗೆ ನಡೀರಿ, ಊಟ ಮಾಡ್ಕೊಂಡು ಹೋಗೀರಂತ" ಅಂದಳು. ಬೀಗಿತ್ತಿ ಅನ್ನುವ ಸಂಬಂಧ ಅವರಿಬ್ಬರ ನಡುವೆ ಲೆಕ್ಕಕ್ಕೆ ಬರುವುದಲ್ಲ. ಆದರೆ ಕರೆಯಲು ಇನ್ನೊಂದು ಹೆಸರೂ ಇಲ್ಲ. ಅವ್ವಾರು ನಮ್ಮನ್ನೂ ಕರೆದರು. ನಾವು ಸಾಮಾನು ಕಟ್ಟುವ ನೆಪ ಹೇಳಿ ಉಳಿದೆವು.

ಸ್ಪರ್ಧೆಯಲ್ಲಿ ನಮಗೆ ಏನೂ ಸಿಗಲಿಲ್ಲ. ಕೊನೆಯ ಶಾಟ್ ಉದ್ದವಾಯಿತು, ಮುಖ ತೋರಿಸದ ಕಾರಣ ಭಾವನೆ ಮುಟ್ಟಲಿಲ್ಲ ಎಂದು ಒಬ್ಬ ತೀರ್ಪುಗಾರರು ಹೇಳಿದರಂತೆ. ಮಾಸ್ತರು ಅದನ್ನು ಹೇಳುವಾಗ ನನಗಿಂತ ಹೆಚ್ಚು ಸಿಟ್ಟಾಗಿದ್ದರು, "ಮುಖ ತೋರಿಸಿದ್ರ ಮುಗೀತಿತ್ತು ಅದು" ಎಂದು ನನ್ನ ವಾದವನ್ನೇ ನನಗೆ ಒಪ್ಪಿಸಿದರು. ಈಗ ಇನ್ನೊಂದು ಕಥೆ ಬರೆಯುತ್ತಿದ್ದಾರೆ, ಆಲಮಟ್ಟಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರದ್ದು. ಮಾತು ಕಡಿಮೆ ಇಟ್ಟಿದ್ದೇನೆ ಅನ್ನುತ್ತಾರೆ. ನಾನಿನ್ನೂ ಓದಿಲ್ಲ.

ಅವ್ವಾರಿಗೆ ಮಾತ್ರ ಆ ಚಿತ್ರ ನೋಡಿದ ವಿಜಯಪುರದ ಒಂದು ಸಿನೆಮಾ ತಂಡದಿಂದ ಕರೆ ಬಂತು. ಹೋಗುವ ಮೊದಲು ನನಗೆ ಫೋನ್ ಮಾಡಿ, ಕ್ಯಾಮರಾ ಎತ್ತರದಲ್ಲಿಟ್ಟರೆ ಹೇಗೆ, ಬದಿಯಲ್ಲಿಟ್ಟರೆ ಹೇಗೆ ಎಂದು ಬಹಳ ಹೊತ್ತು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ತಿರುಗಿ ಬಂದ ಮೇಲೆ ಮತ್ತೆ ಫೋನ್. "ಇಡೀ ದಿನ ಮಾರಿ ಮುಂದ ಹಿಡದ್ರು ಯವ್ವಾ. ಹಿಂದಿನಿಂದ ಒಂದು ತಗೋರಿ ಅಂದೆ, ನಕ್ಕರು." ಆ ಹೊಸ ಚಿತ್ರ ಇನ್ನೂ ಹೊರಗೆ ಬಂದಿಲ್ಲ. ಬಂದರೆ ನೋಡಬೇಕು.